ಕುಸಿಯುವುದನ್ನು ಕಲಿಸಿದವರು

ಪ್ರಯೋಗಾಲಯದ ಖಾಲಿ ಕೋಣೆಯಲ್ಲಿ ಒಬ್ಬರೇ ಕಾಯುತ್ತಿದ್ದ ದರ್ಜಿ, ಯಾರೂ ನೋಡುತ್ತಿಲ್ಲವೆಂಬ ಧೈರ್ಯದಲ್ಲಿ ಬೆನ್ನು ಕೆರೆದುಕೊಳ್ಳಲು ಹೋಗಿ ಕುರ್ಚಿಸಮೇತ ಧಡಾರೆಂದು ಬಿದ್ದರು. ಎದ್ದು, ಪ್ಯಾಂಟು ಕೊಡವಿ, ಏನೂ ಆಗದವರಂತೆ ಪಕ್ಕದ ಕೋಣೆಗೆ ಬಂದರೆ ಅಲ್ಲಿನ ಪರದೆಯ ಮೇಲೆ ದಪ್ಪ ಅಕ್ಷರ: 'ಬಿದ್ದರು'.

"ಕ್ಯಾಮೆರಾ ಎಲ್ಲಿಟ್ಟಿದ್ದೀರಿ?" ಎಂದು ಕಿವಿ ಕೆಂಪಗೆ ಮಾಡಿಕೊಂಡು ಕೇಳಿದರು.

"ಕ್ಯಾಮೆರಾನೇ ಇಲ್ಲ," ಎಂದರು ಸಂಶೋಧಕಿ. "ಬರೀ ವೈಫೈ ಪೆಟ್ಟಿಗೆ. ಅದರ ಅಲೆಗಳು ಕೋಣೆ ತುಂಬ ಓಡಾಡ್ತಿರ್ತವೆ. ನೀವು ಅಲುಗಾಡಿದ್ರೆ ಅವೂ ಏರುಪೇರಾಗ್ತವೆ. ಯಾವ ಏರುಪೇರು ಯಾವುದರದ್ದು ಅಂತ ಕಂಪ್ಯೂಟರು ಸಾವಿರಾರು ಸಲ ನೋಡಿ ಕಲಿತಿದೆ."

ಮೂವತ್ತು ವರ್ಷ ಟೇಪು ಹಿಡಿದು ಮೈ ಅಳೆದರೂ ಇವತ್ತಿಗೂ ತೋಳು ಅರ್ಧ ಇಂಚು ಗಿಡ್ಡ ಮಾಡಿ ಬೈಸಿಕೊಳ್ಳುವ ದರ್ಜಿ ಬಾಯಿ ತೆರೆದು ನಿಂತರು. ಮುಟ್ಟದೆ, ನೋಡದೆ, ಗಾಳಿಯಲ್ಲೇ ಅಳತೆ!

ಅವರು ಬಂದದ್ದು ಹೆಂಡತಿಗಾಗಿ. ಆಕೆಗೆ ಆಗಾಗ ತಲೆಸುತ್ತು. ಹೋದ ತಿಂಗಳು ಅರ್ಧ ಗಂಟೆ ಬಚ್ಚಲಲ್ಲಿ ಬಿದ್ದಿದ್ದರೂ ಹೊಲಿಗೆ ಯಂತ್ರದ ಸದ್ದಿನಲ್ಲಿ ಇವರಿಗೆ ಕೇಳಿಸಿರಲಿಲ್ಲ. "ಬಚ್ಚಲಲ್ಲಿ ಕ್ಯಾಮೆರಾ ಇಟ್ರೆ ತವರಿಗೆ ಹೋಗ್ತೀನಿ," ಎಂಬುದು ಆಕೆಯ ತೀರ್ಪು. ಈ ಪೆಟ್ಟಿಗೆಯ ಸುದ್ದಿ ಮುಟ್ಟಿಸಿದವರು ಆಕೆಯ ಅಕ್ಕ, ಇದೇ ಪ್ರಯೋಗಾಲಯದ ಕಸ ಗುಡಿಸುವ ಅತ್ತಿಗೆ.

ಅತ್ತಿಗೆಯ ಪ್ರತಾಪವನ್ನು ಸಂಶೋಧಕಿಯೇ ಹೇಳಿದರು. ಮೊದಲು ವಿದ್ಯಾರ್ಥಿಗಳು ಹಾಸಿಗೆ ಹಾಸಿಕೊಂಡು ಕಡಿದ ಮರದಂತೆ ಬಿದ್ದು ಯಂತ್ರಕ್ಕೆ ಪಾಠ ಮಾಡುತ್ತಿದ್ದರಂತೆ. ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದ ಅತ್ತಿಗೆ, "ಇದು ಬೀಳೋದು. ನಮ್ಮ ವಯಸ್ಸಿನೋರು ಬೀಳಲ್ಲಮ್ಮ, ಕುಸೀತೀವಿ," ಎಂದು ಗೋಡೆಗೆ ಕೈಕೊಟ್ಟು, ಮಂಡಿ ಸಡಿಲಿಸಿ, ಗೂಟದಿಂದ ಬಟ್ಟೆ ಜಾರಿದಂತೆ ಇಳಿದರು. ಯಂತ್ರ 'ಕೂತರು' ಎಂದಿತು. ಓದಿದವರೆಲ್ಲ ಮುಖ ಮುಖ ನೋಡಿಕೊಂಡರು. ಅಂದಿನಿಂದ ನಾಲ್ಕು ತಿಂಗಳು, ಗುಡಿಸಿ ಮುಗಿಸಿದ ಮೇಲೆ ದಿನಕ್ಕೆ ಇಪ್ಪತ್ತು ಸಲ ಅತ್ತಿಗೆ ಕುಸಿದರು. ಯಂತ್ರದ ಪದಪಟ್ಟಿಗೆ ಹೊಸ ಪದವೊಂದು ಸೇರಿತು.

"ತೋರಿಸ್ಲಾ?" ಎನ್ನುತ್ತ ಬಂದ ಅತ್ತಿಗೆ ಆಚೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಗೋಡೆಯಾಚೆ ಪಿಟ್ಟೆಂಬ ಸದ್ದಿಲ್ಲ. ಪರದೆಯ ಮೇಲೆ ಅಲೆಗಳ ಗೆರೆಗಳು ಗಾಳಿಗೆ ಸಿಕ್ಕ ನೂಲಿನಂತೆ ನಡುಗಿದವು, ನಿಧಾನವಾಗಿ ಇಳಿದವು, ನಿಂತವು. 'ಕುಸಿದರು'.

ದರ್ಜಿಯ ಮೈ ಜುಮ್ಮೆಂದಿತು. ತಮ್ಮ ಕಿವಿಗೆ ಕೇಳಿಸದೆ ಹೋದದ್ದು ಇದಕ್ಕೆ ಕೇಳಿಸಿತ್ತು.

ಅತ್ತಿಗೆ ಹೊರಬಂದೊಡನೆ ದರ್ಜಿ ಕೇಳಿದರು. "ಅತ್ತಿಗೆ, ಇದು ಕಲಿತಿರೋದು ನೀವು ಕುಸಿಯೋದನ್ನ. ನಮ್ಮವಳು ಕುಸಿದ್ರೂ ಗೊತ್ತಾಗುತ್ತಾ?"

"ಗೊತ್ತಾಗ್ದೆ ಏನು? ಕುಸಿಯೋದು ನಮ್ಮಿಬ್ಬರಿಗೂ ಅಮ್ಮನ ಕಡೆಯಿಂದ ಬಂದಿದ್ದು."