ಅಕ್ಷರ ಸವೆದ ಕೀಬೋರ್ಡು

ಅಣ್ಣನಿಗೆ ಲಕ್ವ ಹೊಡೆದ ಬೆಳಿಗ್ಗೆ ನಾನು ಅವನ ಎದುರಿಗೇ ಕೂತಿದ್ದೆ. ಕಾಫಿ ಲೋಟ ಅವನ ಕೈಯಿಂದ ಜಾರಿತು. ಏನೋ ಹೇಳಹೋದ, ಮಾತು ತೊದಲಿತು. ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು ನಕ್ಕೆ. ಎಷ್ಟು ಹೊತ್ತು ನಕ್ಕೆ ಎಂಬುದು ಸರಿಯಾಗಿ ನೆನಪಿಲ್ಲ. ಅತ್ತಿಗೆ ಅಡುಗೆಮನೆಯಿಂದ ಬಂದು ನೋಡುವವರೆಗೂ ನಗುತ್ತಿದ್ದೆ ಎಂಬುದು ಮಾತ್ರ ನೆನಪಿದೆ.

ಮೈಸೂರಿನ ಆಸ್ಪತ್ರೆಯಿಂದ ಪಿರಿಯಾಪಟ್ಟಣದ ಮನೆಗೆ ಕರೆತಂದಾಗ ಅವನ ಬಲಗೈ ಏಳುತ್ತಿರಲಿಲ್ಲ, ಮಾತು ಪೂರ್ತಿ ನಿಂತಿತ್ತು. ಬುದ್ಧಿಗೆ ಏನೂ ಆಗಿಲ್ಲ, ನಾಲಗೆ ತಿರುಗುತ್ತಿಲ್ಲ ಅಷ್ಟೆ ಎಂದು ಡಾಕ್ಟರು ಹೇಳಿದ್ದರು. ಎಡಗೈಯಲ್ಲಿ ಬರೆಸಲು ನೋಡಿದೆವು. ಗೀಟುಗಳು ಮೂಡಿದವು, ಅಕ್ಷರ ಮೂಡಲಿಲ್ಲ. ಇಪ್ಪತ್ತು ವರ್ಷ ತಾಲ್ಲೂಕು ಕಚೇರಿ ಎದುರಿನ ಪುಟ್ಟ ಅಂಗಡಿಯಲ್ಲಿ ಕೂತು ಸುತ್ತಲಿನ ಹಳ್ಳಿಗಳವರ ಅರ್ಜಿ, ಲಗ್ನಪತ್ರಿಕೆ ಟೈಪ್ ಮಾಡಿಕೊಟ್ಟವನು ಪೆನ್ನು ಎಸೆದ. ಮೊಬೈಲ್ ಕೊಟ್ಟರೆ ಗಾಜಿನ ಮೇಲೆ ಬೆರಳು ಜಾರುತ್ತಿತ್ತು.

ಎರಡು ತಿಂಗಳಾದ ಮೇಲೆ ಒಂದು ದಿನ ಎಡಗೈ ಎತ್ತಿ ಅಟ್ಟವನ್ನು ತೋರಿಸಿದ. ನಾನು ಕಂಬಳಿ ಇಳಿಸಿದೆ, ಟ್ರಂಕು ಇಳಿಸಿದೆ. ಎರಡಕ್ಕೂ ತಲೆ ಅಲ್ಲಾಡಿಸಿದ. ಅತ್ತಿಗೆಗೆ ಹೊಳೆಯಿತು. ಅಂಗಡಿ ಮುಚ್ಚಿದಾಗ ಗೋಣಿತಾಟಿನಲ್ಲಿ ಸುತ್ತಿಟ್ಟಿದ್ದ ಕಂಪ್ಯೂಟರ್.

“ಅದುನ್ನ ಇಳ್ಸಪ್ಪ. ಅದ್ರಲ್ಲಾದ್ರೆ ಬರೀತಾರೇನೋ.”

ಹೊಸದನ್ನೇ ತರೋಣ ಎಂದೆ. ಅಣ್ಣ ಒಪ್ಪಲಿಲ್ಲ. ಅವನ ಬೆರಳಿಗೆ ಗೊತ್ತಿದ್ದದ್ದು ಆ ಪೆಟ್ಟಿಗೆಯೊಳಗಿನ ಹಳೆಯ ಕನ್ನಡ ಸಾಫ್ಟ್‌ವೇರು, ಅದರದೇ ಅಕ್ಷರಗಳ ಜೋಡಣೆ. ಅದು ಈಗ ಎಲ್ಲೂ ಸಿಗುವುದಿಲ್ಲವೆಂದು ಆಮೇಲೆ ವಿಚಾರಿಸಿ ತಿಳಿದೆ.

ನನಗೆ ಗೊತ್ತಿದ್ದ ರಿಪೇರಿ ಎಂದರೆ ಪಂಪ್‌ಸೆಟ್ಟಿನದು, ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿನ ತಗಡಿನ ಕೊಳವೆಯದು. ಪೆಟ್ಟಿಗೆಯ ನಾಲ್ಕು ಸ್ಕ್ರೂ ಬಿಚ್ಚಿದೆ. ಒಳಗೆ ಬೂದುಬಣ್ಣದ ಪುಡಿ ಕೂತಿತ್ತು. ಧೂಳು ಎಂದುಕೊಂಡು ಬೆರಳಲ್ಲಿ ಉಜ್ಜಿದರೆ ವಿಭೂತಿಯ ವಾಸನೆ. ಪ್ರತಿ ಆಯುಧಪೂಜೆಗೂ ಅಣ್ಣ ಆ ಪೆಟ್ಟಿಗೆಗೆ ಮೂರು ಪಟ್ಟೆ ಬಳಿದು, ಕುಂಕುಮ ಇಟ್ಟು, ಮೇಲೊಂದು ಸೇವಂತಿಗೆ ಸಿಕ್ಕಿಸುತ್ತಿದ್ದ. ಗಾಳಿಯಾಡುವ ಕಿಂಡಿಯಿಂದ ಅದೆಲ್ಲ ವರ್ಷ ವರ್ಷವೂ ಒಳಗೆ ಉದುರಿತ್ತು. ಒಂದು ಒಣಗಿದ ಎಸಳೂ ಸಿಕ್ಕಿತು. ಅದನ್ನು ಎಸೆಯಲಾರದೆ ಜೇಬಿಗೆ ಹಾಕಿಕೊಂಡೆ.

ಬ್ರಷ್ಷಿನಲ್ಲಿ ಒರೆಸಿ ಸ್ವಿಚ್ ಹಾಕಿದೆ. ಫ್ಯಾನು ತಿರುಗಿತು. ಪರದೆ ಕಪ್ಪಾಗಿಯೇ ಇತ್ತು, ಒಳಗಿನಿಂದ ಬೀಪ್ ಬೀಪ್ ಎಂಬ ಸದ್ದು ಮಾತ್ರ ನಿಲ್ಲದೆ ಬಂತು. ಮೊಬೈಲಿನಲ್ಲಿ ಒಂದು ಹಿಂದಿ ವಿಡಿಯೊ ನೋಡಿದೆ. ರ‍್ಯಾಮ್ ಎಂಬ ಗೇಣಿಗೂ ಕಮ್ಮಿ ಉದ್ದದ ಪಟ್ಟಿಯ ಅಂಚಿನ ಹಲ್ಲುಗಳು ಕಪ್ಪಾಗಿದ್ದರೆ ಹೀಗಾಗುತ್ತದೆ, ಅವನ್ನು ಹೊಳೆಯುವಂತೆ ಮಾಡಬೇಕು ಎಂಬಷ್ಟು ಅರ್ಥವಾಯಿತು. ಏನು ಹಚ್ಚಿ ಉಜ್ಜಬೇಕು ಎಂಬುದು ಅರ್ಥವಾಗಲಿಲ್ಲ. ಹಬ್ಬದ ಹಿಂದಿನ ದಿನ ದೀಪ, ಚೊಂಬು ಬೆಳಗುವುದನ್ನು ಹುಟ್ಟಿದಾಗಿನಿಂದ ನೋಡಿದವನು. ಅತ್ತಿಗೆಯಿಂದ ಹುಣಸೆಹಣ್ಣು ಇಸಿದುಕೊಂಡು, ಮೇಲೊಂದಿಷ್ಟು ವಿಭೂತಿ ಹಾಕಿ ಚೆನ್ನಾಗಿ ತಿಕ್ಕಿ ತೊಳೆದೆ. ಹಲ್ಲುಗಳು ಫಳಫಳ ಹೊಳೆದವು. ಅಣ್ಣ ಮಂಚದ ಮೇಲಿಂದ ನೋಡಿ ಗಂಟಲಲ್ಲಿ ಏನೋ ಸದ್ದು ಮಾಡಿದ, ಕೈ ಆಡಿಸಿದ. ಮೆಚ್ಚಿಕೊಂಡ ಎಂದೇ ಭಾವಿಸಿದೆ. ಒಣಗಿಸಿ ಹಾಕಿದರೆ ಬೀಪ್ ಸದ್ದೂ ನಿಂತುಹೋಯಿತು.

ಅವನು ಬೇಡ ಎಂದಿದ್ದ. ಎರಡನೆಯ ಸಲ ಅವನನ್ನು ತಪ್ಪಾಗಿ ಓದಿದ್ದೆ. ಅದು ನನ್ನನ್ನು ಬಹಳ ಹಿಂಡಿತು.

ಮರುದಿನ ಪೆಟ್ಟಿಗೆಯನ್ನು ಟವೆಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹುಣಸೂರಿಗೆ ಹೋದೆ. ಅಲ್ಲಿ ರೇಡಿಯೊ, ಟೀವಿ ರಿಪೇರಿ ಮಾಡುವ ಒಬ್ಬ ಸಾಬರಿದ್ದಾರೆ. ನನಗಿಂತ ಹಿರಿಯರು, ಎಲ್ಲರೂ ಭಾಯ್ ಎನ್ನುತ್ತಾರೆ. ಪಟ್ಟಿಯನ್ನು ಹೊರತೆಗೆದು ಮೂಸಿ ನೋಡಿದರು.

“ಏನ್ ಸ್ವಾಮಿ, ಉಳಿ ವಾಸ್ನೆ ಬತ್ತದೆ. ಸಾರು ಮಾಡಿದ್ರಾ?”

ಹುಣಸೆಹಣ್ಣು ಎಂದೆ. ಅವರು ನಗಲಿಲ್ಲ. ಮೇಲಿನ ಚಿನ್ನದ ಲೇಪವೇ ಹೋಗಿದೆ, ಶಾಲೆ ಮಕ್ಕಳ ರಬ್ಬರಿನಲ್ಲಿ ಮೆಲ್ಲಗೆ ಉಜ್ಜಿದ್ದರೆ ಸಾಕಾಗಿತ್ತು ಎಂದರು. ತಮ್ಮ ಹಳೇ ಸಾಮಾನಿನ ಡಬ್ಬ ಕೆದಕಿ ಅಂಥದೇ ಇನ್ನೊಂದು ಪಟ್ಟಿ ತೆಗೆದರು. ರಬ್ಬರು ನನ್ನ ಕೈಗೇ ಕೊಟ್ಟು ಉಜ್ಜಿಸಿದರು. ಆಮೇಲೆ ಹಾರ್ಡ್ ಡಿಸ್ಕಿಗೆ ಕರೆಂಟು ಕೊಟ್ಟು ಕಿವಿಯಿಟ್ಟರು. ಕಟಕಟ ಎಂದರೆ ಆಸೆ ಬಿಡಬೇಕು, ಆಮೇಲೆ ಆ ಸಾಫ್ಟ್‌ವೇರನ್ನು ಯಾರೂ ತಂದುಕೊಡಲಾರರು ಎಂದು ಮೊದಲೇ ಹೇಳಿದ್ದರು. ನಾನು ಬಾಗಿಲ ಕಡೆ ಮುಖ ಮಾಡಿ ನಿಂತೆ.

“ಇತ್ಲಾಗ್ ಬನ್ನಿ. ನಿಮ್ಮಣ್ಣಂದು ಉಸಿರಾಡ್ತದೆ.”

ಕೀಬೋರ್ಡನ್ನು ಮನೆಯಲ್ಲೇ ತೊಳೆಯಿರಿ, ನೀರು ಸಾಕು, ಬೇರೇನೂ ಬೇಡ ಎಂದು ಎರಡು ಸಲ ಹೇಳಿ ಕಳಿಸಿದರು.

ಕೀಗಳನ್ನೆಲ್ಲ ಕಿತ್ತು ತೊಳೆದು ಮೊರದಲ್ಲಿ ಹರಡಿ ಒಣಗಿಸಿದೆ. ಆಗ ಇನ್ನೊಂದು ತಪ್ಪು ಗೊತ್ತಾಯಿತು. ಅರ್ಧಕ್ಕಿಂತ ಹೆಚ್ಚು ಕೀಗಳ ಮೇಲೆ ಅಕ್ಷರವೇ ಇರಲಿಲ್ಲ, ಅಣ್ಣನ ಬೆರಳಿಗೆ ಸವೆದು ನುಣ್ಣಗಾಗಿದ್ದವು. ಯಾವುದು ಎಲ್ಲಿಯದು ಎಂದು ಫೋಟೊ ತೆಗೆದಿಟ್ಟುಕೊಂಡಿರಲಿಲ್ಲ. ಮೊರವನ್ನು ಅವನ ಮಂಚದ ಮೇಲಿಟ್ಟು, ತಪ್ಪಾಯಿತು ಎಂದೆ. ಕಂಪ್ಯೂಟರಿನ ತಪ್ಪಿಗೆ ಮಾತ್ರ ಹೇಳಿದ್ದಲ್ಲ ಅದು. ಅವನು ಎಡಗೈಯಲ್ಲಿ ಒಂದೊಂದೇ ಕೀ ತೆಗೆದುಕೊಂಡು, ಸಾಲಿಗೊಂದು ತರವಿರುವ ಅದರ ಇಳಿಜಾರನ್ನು ಹೆಬ್ಬೆರಳಿನಿಂದ ಸವರಿ, ಅದರದರ ಸಾಲಿನಲ್ಲಿ ಕೂರಿಸತೊಡಗಿದ. ಒತ್ತುವ ಬಲ ಸಾಲದಾದಾಗ ನಾನು ಒತ್ತಿದೆ. ಬಿಸಿಲು ನಡುಮನೆ ಬಿಟ್ಟು ಹೊರಗೆ ಹೋಗುವವರೆಗೂ ಇದೇ ಕೆಲಸ.

ಮಾರನೆಯ ದಿನ ಬೆಳಿಗ್ಗೆ ಸ್ವಿಚ್ ಹಾಕಿದಾಗ ಪರದೆಯಲ್ಲಿ ಇಂಗ್ಲಿಷಿನ ಎರಡು ಸಾಲು ಬಂದು ನಿಂತವು. ಕೆಟ್ಟಿತು ಎಂದು ಭಾಯ್‌ಗೆ ಫೋನು ಮಾಡಲು ನಾನು ಮೊಬೈಲ್ ಹುಡುಕುತ್ತಿದ್ದೆ. ಅಣ್ಣ ಕೈ ಚಾಚಿ ಮೇಲಿನ ಸಾಲಿನ ಒಂದು ಕೀ ಒತ್ತಿದ. ಪರದೆ ಮುಂದಕ್ಕೆ ಹೋಯಿತು. ಅಂಗಡಿಯಲ್ಲೂ ದಿನಾ ಹಾಗೆಯೇ ಒತ್ತುತ್ತಿದ್ದನಂತೆ, ಅತ್ತಿಗೆ ಹೇಳಿದರು.

ಎಡಗೈ ಒಂದೇ ಇಡೀ ಕೀಬೋರ್ಡಿನ ಮೇಲೆ ಓಡಾಡಬೇಕಿತ್ತು. ಒಂದು ಅಕ್ಷರ ತಪ್ಪಿತು. ಹಿಂದಕ್ಕೆ ಬಂದು ಅಳಿಸಿ ಸರಿಮಾಡಿದ. ಕೊನೆಗೆ, ಜನರ ಮಾತನ್ನು ಅರ್ಜಿಯ ಕನ್ನಡಕ್ಕೆ ತಿರುಗಿಸುತ್ತಿದ್ದ ಅದೇ ಅಣ್ಣ, ಪೂರ್ಣವಿರಾಮ ಸಮೇತ ಬರೆದಿದ್ದ:

ಚಮಚ ಬೇಡ. ಮುದ್ದೆ ನಾನೇ ಮುರಿದುಕೊಳ್ಳುತ್ತೇನೆ.

ಆಸ್ಪತ್ರೆಯಿಂದ ಬಂದಾಗಿನಿಂದ ಅತ್ತಿಗೆಯೇ ಚಮಚದಲ್ಲಿ ತಿನ್ನಿಸುತ್ತಿದ್ದರು. ಬಲಗೈ ಏಳದು, ಎಡಗೈಯಲ್ಲಿ ಅನ್ನ ಮುಟ್ಟುವುದು ನಮ್ಮ ಮನೆಯಲ್ಲಿ ಇಲ್ಲ. ಅವನನ್ನು ಕೇಳಬೇಕೆಂದು ನಮಗ್ಯಾರಿಗೂ ತೋಚಿರಲಿಲ್ಲ.

ಅತ್ತಿಗೆ ಎರಡು ಸಲ ಓದಿಕೊಂಡರು. ಸೆರಗಿನಿಂದ ಮೂಗು ಒರೆಸಿಕೊಂಡರು.

“ಇಷ್ಟೇಯಾ? ನಾನೇನೋ ಆಸ್ತಿ ಭಾಗ ಬರೀತಾರೆ ಅಂದ್ಕಂಡಿದ್ದೆ ಬುಡಪ್ಪ.”

ಅಣ್ಣನ ಬಾಯಿಯ ಎಡತುದಿ ಮೇಲಕ್ಕೆ ಹೋಯಿತು. ಈ ಸಲ ನಗುವುದಕ್ಕೆ ಮುಂಚೆ ನಾನು ಅವನ ಮುಖವನ್ನು ಸರಿಯಾಗಿ ನೋಡಿಕೊಂಡೆ. ಅವನು ನಗುತ್ತಲೇ ಇದ್ದ.

ಮಧ್ಯಾಹ್ನ ಅತ್ತಿಗೆ ತಟ್ಟೆಯನ್ನು ಅವನ ಎಡಗಡೆಗೆ ಇಟ್ಟರು. ಚೊಂಬಿನಲ್ಲಿ ನೀರು ತಂದು, ಆ ಎಡಗೈಯನ್ನು ತಮ್ಮ ಕೈಯಲ್ಲಿ ಹಿಡಿದು, ಬೆರಳು ಬೆರಳಿನ ಸಂದಿಗೂ ನೀರು ಹಾಕಿ ತೊಳೆದರು.