ನೆಲಮಾಳಿಗೆಯ ರಾಜ್ಯತಂತ್ರ

ಆಸ್ಪತ್ರೆಯ ಸ್ಟೋರಿನ ಗುಮಾಸ್ತ ಒಮ್ಮೆ ನಾಲ್ಕು ಪೊಟ್ಟಣ ಬಿಸ್ಕತ್ತು, ಒಂದು ಕ್ಯಾನ್ ನೀರು ಮತ್ತು ಒಂದು ಟಾರ್ಚನ್ನು ಬ್ಲೀಚಿಂಗ್ ಪುಡಿಯ ಡಬ್ಬಗಳ ಹಿಂದೆ ಬಚ್ಚಿಟ್ಟುಕೊಂಡು ಮೂರು ದಿನ ಮುತ್ತಿಗೆಗೆ ಕಾದಿದ್ದ. ಆ ಗುಮಾಸ್ತ ಯಾರೆಂದು ಕೆದಕಬೇಡಿ. ಇದನ್ನು ಬರೆಯುತ್ತಿರುವವನಿಗೆ ಅವನು ತೀರಾ ಬೇಕಾದವನು. ಇಬ್ಬರದೂ ಒಂದೇ ಸಂಬಳ.

ಆಗಿದ್ದು ಇಷ್ಟೇ. ಸೋಪಿನ ಪುಡಿಯ ಮೂಟೆ ಇಳಿಸಲು ನೆಲಮಾಳಿಗೆಯ ಲಾಂಡ್ರಿಗೆ ಹೋದವನಿಗೆ, ಮಡಿಸಿಟ್ಟ ಬೆಡ್‌ಶೀಟುಗಳ ರಾಶಿಯ ಆಚೆಯಿಂದ ಹೆಂಗಸೊಬ್ಬರು ಫೋನಿನಲ್ಲಿ ಮಾತಾಡುವುದು ಕೇಳಿಸಿತು. "ಗೋಡೆ ಒಡೆಯೋಕೆ ಹೋಗ್ಬೇಡಿ, ನಮ್ಮೋರೇ ಸಾಯ್ತಾರೆ. ಸುತ್ತಲೂ ನಿಂತ್ಕೊಳ್ಳಿ. ಒಳಗೆ ಒಂದು ಕಾಳೂ ಹೋಗ್ಬಾರದು. ಆರು ಸರದಿ ತಡೀರಿ, ತಾವೇ ಬಾಗಿಲು ತೆಗೀತಾರೆ. ಮುದುಕನ್ನ ಮಾತ್ರ ಜೀವಂತ ಹಿಡೀರಿ."

ಆ ವಾರ ಆಸ್ಪತ್ರೆಯಲ್ಲಿ ಪಾಳಿ ಬದಲಾವಣೆಯ ಬಗ್ಗೆ ಗುಸುಗುಸು ನಡೆದಿತ್ತು. ಇದು ಮುಷ್ಕರವೇ ಸರಿ, ಮುದುಕ ಅಂದರೆ ಸೂಪರಿಂಟೆಂಡೆಂಟರೇ ಸರಿ ಎಂದು ಗುಮಾಸ್ತನ ತಲೆ ನಿಂತ ನಿಲುವಿನಲ್ಲೇ ತೀರ್ಪು ಕೊಟ್ಟಿತು. ಹೋಗಿ ಯಾರಿಗಾದರೂ ತಿಳಿಸಬಹುದಿತ್ತು. ಅಷ್ಟು ಧೈರ್ಯ ಇದ್ದವನು ಸ್ಟೋರಿನಲ್ಲಿ ಯಾಕೆ ಕೂತಿರುತ್ತಾನೆ? ಬಿಸ್ಕತ್ತು ತಂದಿಟ್ಟುಕೊಂಡ.

ನಾಲ್ಕನೇ ದಿನ ಆ ಹೆಂಗಸೇ ಬ್ಲೀಚಿಂಗ್ ಪುಡಿ ಕೇಳಿಕೊಂಡು ಬಂದರು. ಡಬ್ಬ ಎಳೆದರು, ಬಿಸ್ಕತ್ತು ನೋಡಿದರು, ಅವನನ್ನು ನೋಡಿದರು. ಬಾಯಿ ಬಿಡಿಸುವುದು ಅವರಿಗೆ ಕಷ್ಟವಾಗಲಿಲ್ಲ. ಕೇಳಿ ಮುಗಿಸಿ, ಡಬ್ಬದ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅಯ್ಯೋ ನಿನ್ನ! ಅದು ಆಟ ಕಣೋ. ಕಂಪ್ಯೂಟರ್ ಆಟ. ಯಾರೋ ಕೋಟೆ ಹಿಡಿಯೋದು ಹೇಗೆ ಅಂತ ಕೇಳಿದ್ರು, ಹೇಳ್ತಿದ್ದೆ. ಮುದುಕ ಅಂದ್ರೆ ಆ ಕೋಟೆ ರಾಜ. ಒಂದು ಪೊಟ್ಟಣ ಇಲ್ಲಿ ಕೊಡು, ಮುತ್ತಿಗೆ ತೆಗೆದಿದ್ದೀನಿ."

ಅವರೇ ಲಾಂಡ್ರಿ ಅಕ್ಕ. ವಯಸ್ಸು ಐವತ್ತೈದರ ಆಸುಪಾಸು. ಮೊಣಕೈವರೆಗೆ ರಬ್ಬರ್ ಗವಸು, ಮೂಗಿನ ತುದಿಗೆ ಜಾರಿದ ಕನ್ನಡಕ. ಅವರ ಕೈಕೆಳಗೆ ಮೂರು ದೊಡ್ಡ ಒಗೆಯುವ ಯಂತ್ರ, ಉಗಿಯ ಇಸ್ತ್ರಿ ರೋಲರ್ ಒಂದು, ಚಕ್ರ ಕಿರುಗುಡುವ ಟ್ರಾಲಿ ಐದು. ಮೂಲೆಯಲ್ಲಿ ಒಂದು ಹಳೆಯ ಕಂಪ್ಯೂಟರ್. ಯಾವ ವಾರ್ಡಿಗೆ ಎಷ್ಟು ಶೀಟು ಹೋಯಿತೆಂದು ಬರೆದಿಡಲು ಮೇಲಿನ ಕಚೇರಿಯವರು ತಮಗೆ ಬೇಡವಾದದ್ದನ್ನು ಇಳಿಸಿಹೋಗಿದ್ದರು. ಆಟ ಅದರೊಳಗೇ ಬಂದಿತ್ತು. ಹಿಂದಿನ ಆಡಳಿತಾಧಿಕಾರಿ ಹನ್ನೆರಡು ವರ್ಷ ಆಡಳಿತ ನಡೆಸಿದ್ದು ಅದೊಂದರಲ್ಲೇ ಎಂಬುದು ಅಕ್ಕನ ಗಟ್ಟಿ ನಂಬಿಕೆ.

ಆಟದ ಬಗೆ ಹೀಗೆ. ಶುರುವಿನಲ್ಲಿ, ಕ್ರಿಸ್ತಪೂರ್ವದ ಯಾವುದೋ ಕಾಲದಲ್ಲಿ, ನಿಮಗೆ ಸಿಗುವುದು ಕಾಡಿನ ನಡುವೆ ಒಬ್ಬ ವಲಸೆಗಾರ, ಒಬ್ಬ ಕೋಲುಗಾರ. ವಲಸೆಗಾರನನ್ನು ಒಂದು ಕಡೆ ನಿಲ್ಲಿಸಿದರೆ ಊರಾಗುತ್ತದೆ. ಊರಿಂದ ಊರು ಬೆಳೆಸಿ, ಹೊಲ, ರಸ್ತೆ, ಗೋಡೆ ಕಟ್ಟಿ, ಕೊನೆಗೆ ರಾಕೆಟ್ ಹಾರಿಸುವವರೆಗೂ ರಾಜ್ಯ ನಡೆಸಬೇಕು. ನೀವೊಂದು ಸರದಿ ಆಡಿ 'ಮುಗಿಯಿತು' ಎಂದು ಒತ್ತುವವರೆಗೆ ಎದುರಾಳಿ ಕದಲುವುದಿಲ್ಲ.

ಅಕ್ಕ ಇದಕ್ಕೆ ಅಂಟಿಕೊಂಡದ್ದೂ, ಮನೆಯ ಹಳೆಯ ಕಂಪ್ಯೂಟರಿಗೂ ಇದನ್ನು ಹಾಕಿಸಿಕೊಂಡದ್ದೂ ಆ ಕಾರಣಕ್ಕೇ. ಅವರ ಯಜಮಾನರು ಪಾರ್ಶ್ವವಾಯು ಬಡಿದು ಆರು ವರ್ಷ ಮಲಗಿದ್ದರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ನಡುವೆ ನೀರು, ಔಷಧಿ, ಸುಮ್ಮನೆ ಒಂದು ಕೂಗು. ಧಾರಾವಾಹಿ ನೋಡಲು ಕೂತರೆ ಅರ್ಧಕ್ಕೆ ಏಳಬೇಕು, ಬರುವಷ್ಟರಲ್ಲಿ ಯಾರೋ ಸತ್ತಿರುತ್ತಿದ್ದರು. "ಈ ಆಟದಲ್ಲಿ ಹಾಗಲ್ಲಪ್ಪ. ಶತ್ರು ಕತ್ತಿ ಎತ್ಕೊಂಡು ನಿಂತಿರ್ತಾನೆ. ನಾನು ಹೋಗಿ, ಅವರ ಬೆನ್ನು ಒರೆಸಿ, ಗಂಜಿ ಕುಡಿಸಿ, ಪಾತ್ರೆ ತೊಳೆದು ಬಂದ್ರೂ ಹಾಗೇ ನಿಂತಿರ್ತಾನೆ, ಪಾಪ." ಯಜಮಾನರು ಹೋಗಿ ನಾಲ್ಕು ವರ್ಷವಾಯಿತು. ಈಗ ಯಂತ್ರ ಒಂದು ಸುತ್ತು ಒಗೆಯಲು ತೆಗೆದುಕೊಳ್ಳುವ ನಲವತ್ತೆರಡು ನಿಮಿಷದಲ್ಲಿ ಅಕ್ಕ ರಾಜ್ಯ ನೋಡಿಕೊಳ್ಳುತ್ತಾರೆ.

ಈ ಆಟದವರ ಪ್ರಶ್ನೋತ್ತರದ ಗುಂಪೊಂದು ಫೋನಿನಲ್ಲಿತ್ತು. ಅಲ್ಲಿ ಅಕ್ಕನ ಮಾತೆಂದರೆ ಮುಗಿಯಿತು. ಕೈ ಒದ್ದೆ ಇರುತ್ತಿದ್ದರಿಂದ ಅವರು ದನಿಯಲ್ಲೇ ಉತ್ತರ ಕಳಿಸುತ್ತಿದ್ದರು. ಯಂತ್ರದ ಸದ್ದಿಗೆ ಅದು ಯಾರಿಗೂ ಕೇಳಿಸುತ್ತಿರಲಿಲ್ಲ. 'ಅಕ್ಕಾ, ನೀವಿರೋ ಕಡೆ ನಿಜವಾಗ್ಲೂ ಯುದ್ಧ ನಡೀತಿದೆಯಾ?' ಎಂದು ಒಬ್ಬ ಕೇಳಿದ್ದನಂತೆ. ಹಾಗಾಗಿ ಊಟದ ಬಿಡುವಿನಲ್ಲಿ ಪ್ರಶ್ನೆ ಓದಿಹೇಳಿ ಉತ್ತರ ಟೈಪ್ ಮಾಡುವ ಕೆಲಸ ಗುಮಾಸ್ತನ ಕೊರಳಿಗೆ ಬಿತ್ತು. ಬಿಸ್ಕತ್ತಿನ ವಿಷಯ ಮೇಲಿನ ಮಹಡಿಗೆ ಹೋಗದಿರಲಿ ಎಂದು ಅವನೂ ಒಪ್ಪಿಕೊಂಡ.

"ಮೊದಲು ಸೈನ್ಯ ಕಟ್ಟಲೋ, ದೇಗುಲ ಕಟ್ಟಲೋ? ಪಕ್ಕದಲ್ಲಿ ಯಾರೂ ಇಲ್ಲ ಅಂತಿದ್ದಾರೆ ಅಕ್ಕಾ."

"ಯಾರೂ ಇಲ್ಲ ಅಂದ್ರೆ ಇನ್ನೂ ನೋಡಿಲ್ಲ ಅಂತ. ಕೋಲುಗಾರನ್ನ ಒಂದು ಸುತ್ತು ಹಾಕ್ಕೊಂಡು ಬಾ ಅಂತ ಕಳಿಸೋಕೆ ಹೇಳು."

"ಸ್ನೇಹಿತನಾಗಿದ್ದ ರಾಜ ಈಗ ಮುಖ ತಿರುಗಿಸ್ತಿದ್ದಾನೆ. ತಕ್ಷಣ ದಂಡೆತ್ತಿ ಹೋಗ್ಲಾ ಅಂತ."

"ರಕ್ತದ ಕಲೆಗೆ ಮೊದಲು ತಣ್ಣೀರು ಹಾಕ್ಬೇಕು. ಬಿಸಿ ಹಾಕಿದ್ರೆ ಕಲೆ ಕೂತ್ಬಿಡುತ್ತೆ. ಹಾಗೇ ಬರಿ."

"ಮೂವತ್ತು ಸರದಿ ಕಷ್ಟಪಟ್ಟು ಗೋಪುರ ಕಟ್ಟಿದನಂತೆ. ಇನ್ನೆರಡು ಸರದಿ ಇದ್ದಾಗ ಪಕ್ಕದ ರಾಜ ಮೊದಲು ಕಟ್ಟಿಬಿಟ್ಟನಂತೆ. ಅಳ್ತಿದ್ದಾನೆ."

"ಅತ್ತು ಮುಗಿಸ್ಲಿ. ಆಮೇಲೆ ಊರೊಳಗೆ ಜನ ಬದುಕಿದ್ದಾರಾ ನೋಡೋಕೆ ಹೇಳು. ಮೂವತ್ತು ಸರದಿ ಅವರಿಗೆ ನೀರು ಕೊಟ್ಟಿರಲ್ಲ ಇವನು."

ಗುಮಾಸ್ತನಿಗೂ ಒಂದು ಪ್ರಶ್ನೆ ಇತ್ತು. ಅವನ ಸಂಸಾರ ನಡೆಯುತ್ತಿದ್ದುದು ಅಣ್ಣನ ಮನೆಯ ನಡುಕೋಣೆಯಲ್ಲಿ, ಒಂದು ಪರದೆಯ ಹಿಂದೆ. ಅಡುಗೆಮನೆಗೆ ದಾರಿ ಆ ಪರದೆಯ ಪಕ್ಕದಿಂದಲೇ. ಅಣ್ಣ ಸಭ್ಯಸ್ಥ, ಹತ್ತಿರ ಬರುವಾಗ ಕೆಮ್ಮಿ ಬರುತ್ತಿದ್ದ. ಮೂರು ವರ್ಷ ದಿನಕ್ಕೆ ಐದಾರು ಸಲ ಕೆಮ್ಮಿ ಕೆಮ್ಮಿ ಅವನಿಗೆ ನಿಜವಾದ ಕೆಮ್ಮೇ ಹಿಡಿದಿತ್ತು. ಬೇರೆ ಮನೆ ಮಾಡೋಣ ಎಂದು ಗುಮಾಸ್ತ ಮದುವೆಯಾದ ತಿಂಗಳೇ ಹೆಂಡತಿಗೆ ಮಾತು ಕೊಟ್ಟಿದ್ದ. ಕೊಟ್ಟ ಮಾತಿಗೆ ತಪ್ಪಿರಲಿಲ್ಲ, ಹುಡುಕುತ್ತಲೇ ಇದ್ದ. ಒಂದು ಮನೆಗೆ ಮೆಟ್ಟಿಲು ಕಡಿದು, ಒಂದಕ್ಕೆ ಸಂಜೆ ಬಿಸಿಲು, ಒಂದರ ಮಾಲೀಕರ ನಾಯಿಗೆ ಅವನ ಮುಖ ಹಿಡಿಸಲಿಲ್ಲ. ಹದಿನಾಲ್ಕು ಮನೆ ನೋಡಿ ಹದಿನಾಲ್ಕನ್ನೂ ಬಿಟ್ಟಿದ್ದ.

ಶಿಶುವಿಹಾರದಲ್ಲಿ ಪಾಠ ಹೇಳುತ್ತಿದ್ದ ಹೆಂಡತಿ ಜಗಳವಾಡಲಿಲ್ಲ. ಬಸ್ಸಿನಲ್ಲಿ ಮೂರು ಗಂಟೆಯ ದೂರದ ವಸತಿ ಶಾಲೆಯೊಂದಕ್ಕೆ ಅರ್ಜಿ ಹಾಕಿದಳು. ಕೆಲಸ ಸಿಕ್ಕಿತು, ಜೊತೆಗೆ ಹಾಸ್ಟೆಲಿನಲ್ಲಿ ಒಂದು ಕೋಣೆ. "ಒಂದನೇ ತಾರೀಕಿಗೆ ಹೋಗ್ತೀನಿ. ಅಲ್ಲಿ ಬಾಗಿಲು ಇದೆಯಂತೆ, ಒಳಗಿಂದ ಚಿಲಕ ಹಾಕ್ಕೋಬಹುದಂತೆ," ಎಂದಳು. ಅವಳು ಹೋದರೆ ತಿರುಗಿ ಬರುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಆಗ ತಾರೀಕು ಹತ್ತೊಂಬತ್ತು.

ಗಂಡಸಾದವನು ಇಂಥದ್ದನ್ನು ಬಾಯಿಬಿಟ್ಟು ಕೇಳುತ್ತಾನೆಯೇ? ಗುಮಾಸ್ತ 'ಒಂಟಿ ಕೋಟೆ' ಎಂಬ ಹೆಸರಿನಲ್ಲಿ ಗುಂಪಿಗೆ ಪ್ರಶ್ನೆ ಹಾಕಿ, ಮಾರನೆಯ ದಿನ ತನ್ನ ಪ್ರಶ್ನೆಯನ್ನು ತಾನೇ, ಯಾರೋ ಪರಕೀಯನದು ಎಂಬಂತೆ, ಅಕ್ಕನಿಗೆ ಗಟ್ಟಿಯಾಗಿ ಓದಿಹೇಳಿದ.

"ನನ್ನ ವಲಸೆಗಾರ ಹದಿನಾಲ್ಕು ಸರದಿಯಿಂದ ಜಾಗ ಹುಡುಕ್ತಿದ್ದಾನೆ. ನದಿ ಇದ್ದಲ್ಲಿ ಬೆಟ್ಟ ಇಲ್ಲ, ಬೆಟ್ಟ ಇದ್ದಲ್ಲಿ ನದಿ ಇಲ್ಲ. ಎಲ್ಲಿ ಊರು ಕಟ್ಟಲಿ?"

"ಯಾರೋ ಇವನು, ಶತದಡ್ಡ," ಎಂದರು ಅಕ್ಕ, ಆಪರೇಷನ್ ಕೋಣೆಯ ಹಸಿರು ಬಟ್ಟೆಗಳನ್ನು ಬೇರೆ ಮಾಡುತ್ತಾ. "ಎಲ್ಲರೂ ಮಾಡೋ ತಪ್ಪೇ ಇದು. ಮುಂದಿನ ಗುಡ್ಡ ದಾಟಿದ್ರೆ ಸ್ವರ್ಗ ಸಿಗುತ್ತೆ ಅಂತ ನಡೆಸ್ತಾನೇ ಇರ್ತಾರೆ. ಅಲ್ಲಿವರೆಗೂ ಆ ವಲಸೆಗಾರ ಬೀದೀಲೇ. ನದಿ ಇರೋ ಕಡೆ ಕೂತುಬಿಡ್ಲಿ, ಬೆಟ್ಟ ಇಲ್ಲದಿದ್ರೆ ಯಾರೂ ಸಾಯಲ್ಲ. ಅವಸರ ಏನಾದ್ರೂ ಇದೆಯಾ ಕೇಳು."

ಗುಮಾಸ್ತ ಆ ಪ್ರಶ್ನೆ ಟೈಪ್ ಮಾಡುವವನಂತೆ ನಟಿಸಿದ. ಉತ್ತರ ಬಂತೆಂಬಂತೆ ಫೋನು ನೋಡಿದ. "ಇದೆಯಂತೆ ಅಕ್ಕಾ. ಜೊತೆಗಿರೋರು ಒಂದನೇ ತಾರೀಕಿಗೆ ಬೇರೆ ಕಡೆ ಹೊರಟುಹೋಗ್ತಾರಂತೆ."

ಅಕ್ಕನ ಕೈ ನಿಂತಿತು. ಕನ್ನಡಕದ ಮೇಲಿಂದ ಅವನನ್ನೇ ನೋಡಿದರು.

"ಕ್ರಿಸ್ತಪೂರ್ವ ಎರಡು ಸಾವಿರದಲ್ಲಿ ಒಂದನೇ ತಾರೀಕು ಎಲ್ಲಿಂದ ಬಂತೋ?"

ಗುಮಾಸ್ತ ಫೋನು ಕೆಳಗಿಟ್ಟ. ಆಮೇಲೆ ಎಲ್ಲ ಹೇಳಿದ. ಯಂತ್ರ ನೀರು ಹೊರಚೆಲ್ಲಿ ಗರಗರ ತಿರುಗುವಷ್ಟು ಹೊತ್ತು ಬೇಕಾಯಿತು.

"ಹದಿನಾಲ್ಕರಲ್ಲಿ ಅವಳಿಗೆ ಹಿಡಿಸಿದ್ದು ಯಾವುದು?"

"ಎರಡನೇದು. ವೆಲ್ಡಿಂಗ್ ಅಂಗಡಿ ಪಕ್ಕದ್ದು. ಅದು ಇನ್ನೂ ಖಾಲಿನೇ ಇದೆ. ಆದ್ರೆ ಸದ್ದು ಅಕ್ಕಾ..."

"ಸದ್ದು ಅಂತೆ! ನಾನು ಇಪ್ಪತ್ತು ವರ್ಷದಿಂದ ಇದರ ಮಧ್ಯೆ ನಿಂತಿದ್ದೀನಿ, ಕಿವುಡಿ ಆಗಿದ್ದೀನಾ? ನಿಜ ಹೇಳು, ಭಯ ಸದ್ದಿಗಾ?"

ಅಲ್ಲ. ಅಪ್ಪ ಹೋದಮೇಲೆ ಅವನನ್ನು ಓದಿಸಿದವನು ಅಣ್ಣ. ಬೇರೆ ಹೋಗುತ್ತೇನೆಂದು ಅವನೆದುರು ನಿಂತು ಹೇಳಲು ನಾಲಿಗೆ ಏಳುತ್ತಿರಲಿಲ್ಲ ಎಂದು ಗುಮಾಸ್ತ ಒಪ್ಪಿಕೊಂಡ. ಮನೆಯೇ ಸಿಗದಿದ್ದರೆ ಹೇಳುವ ಪ್ರಸಂಗವೇ ಬರುವುದಿಲ್ಲವಲ್ಲ!

"ಹಾಗೆ ಬಾ ದಾರಿಗೆ," ಎಂದರು ಅಕ್ಕ. "ಆಟ ಕಾಯುತ್ತೆ ಕಣೋ, ಅದಕ್ಕೇ ನಾನು ಆಡೋದು. ನಿನ್ನ ಹೆಂಡ್ತಿ ಯಾಕೆ ಕಾಯ್ಬೇಕು? ಏಳು. ಮೊದಲು ಆ ಮನೆಯವರಿಗೆ ಫೋನ್ ಮಾಡು, ನನ್ನ ಮುಂದೇನೇ. ಸಂಜೆ ಅಣ್ಣನಿಗೆ ಹೇಳು. ಹೇಳದೆ ನಾಳೆ ಇಲ್ಲಿಗೆ ಬಂದ್ರೆ ಈ ಯಂತ್ರಕ್ಕೆ ಹಾಕಿ ಒಗೆದುಬಿಡ್ತೀನಿ."

ಫೋನ್ ಮಾಡಿದ. ಸಂಜೆ ಅಣ್ಣನಿಗೂ ಹೇಳಿದ. ಅಣ್ಣ ಓದುತ್ತಿದ್ದ ಪತ್ರಿಕೆಯನ್ನು ಕೆಳಗಿಳಿಸದೆಯೇ "ಸದ್ಯ" ಎಂದ. ಒಳಗಿನಿಂದ ಅತ್ತಿಗೆ, "ದೊಡ್ಡ ಪಾತ್ರೆ ಎರಡು ತೆಗೆದಿಟ್ಟು ವರ್ಷ ಆಯ್ತು, ತಗೊಂಡು ಹೋಗಿ" ಎಂದಳು. ಮೂರು ವರ್ಷ ಕಟ್ಟಿದ್ದ ಭಯ ಒಂದೂವರೆ ನಿಮಿಷದಲ್ಲಿ ಕುಸಿದುಬಿದ್ದದ್ದು ನೋಡಿ ಗುಮಾಸ್ತನಿಗೆ ಸ್ವಲ್ಪ ಅವಮಾನವೇ ಆಯಿತು.

ಗೆದ್ದೆ ಅಂದುಕೊಂಡು ಹೆಂಡತಿಗೆ ಹೇಳಿದರೆ ಅವಳು ಕುಣಿದಾಡಲಿಲ್ಲ. "ಮೂರು ವರ್ಷ ಆಗದ್ದು ಒಂದು ಮಧ್ಯಾಹ್ನದಲ್ಲಿ ಹೇಗೆ ಆಯ್ತು?" ಎಂದಳು. ಅವನು ಲಾಂಡ್ರಿ ಅಕ್ಕನ ಹೆಸರೆತ್ತಿದ. ಅವಳು ಕೈಯಲ್ಲಿದ್ದ ಬಟ್ಟೆ ಮಡಿಸಿಟ್ಟಳು. "ಮನೆ ಇನ್ನೊಂದು ಸಲ ನೋಡ್ತೀನಿ. ಬರ್ತೀನಿ ಅಂತ ಹೇಳ್ತಿಲ್ಲ. ಶಾಲೆಯವರಿಗೂ ಬರಲ್ಲ ಅಂತ ಹೇಳಿಲ್ಲ. ಆ ಅಕ್ಕನ್ನೂ ಕರ್ಕೊಂಡು ಬನ್ನಿ, ಒಂದು ಮಾತು ಕೇಳ್ಬೇಕು."

ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ಅಕ್ಕ ಹಾಗೇ ಬಂದರು, ಕೈಯಲ್ಲಿ ಬ್ಲೀಚಿನ ವಾಸನೆ ಇನ್ನೂ ಹೋಗಿರಲಿಲ್ಲ. ಹೆಂಡತಿ ಹೆಗಲಲ್ಲಿ ಚೀಲ ಹಾಕಿಕೊಂಡೇ ಮನೆ ನೋಡಿದಳು. ಎರಡು ಕೋಣೆ, ಒಂದು ಗೋಡೆಗೆ ತೇವ ಏರಿ ಕಪ್ಪಾಗಿತ್ತು. ಪಕ್ಕದ ಅಂಗಡಿಯ ಸದ್ದಿಗೆ ಕಿಟಕಿಯ ಗಾಜು ಅದುರುತ್ತಿತ್ತು. ಅವಳು ಮಲಗುವ ಕೋಣೆಯ ಬಾಗಿಲು ಹಾಕಿದಳು, ಒಳಗಿಂದ ಚಿಲಕ ಹಾಕಿದ ಸದ್ದು ಕೇಳಿತು. ಬಹಳ ಹೊತ್ತಿನ ಮೇಲೆ ತೆಗೆದಳು. ಗುಮಾಸ್ತ ಏನೋ ಹೇಳಲು ಬಾಯಿ ತೆರೆದ. ಅಕ್ಕ ಅವನ ಕಾಲು ತುಳಿದರು.

ಹೆಂಡತಿ ಅವನನ್ನು ನೋಡದೆ ಅಕ್ಕನ ಎದುರಿಗೇ ಬಂದು ನಿಂತಳು. "ಅಕ್ಕಾ, ನೀವು ಸುಳ್ಳು ಹೇಳಲ್ಲ ಅಂತ ಇವರು ಹೇಳ್ತಾರೆ. ಇವರು ಈ ಮನೆ ಹಿಡಿದಿದ್ದು ತಾವಾಗೇನಾ, ಇಲ್ಲ ನೀವು ಹೇಳಿದ್ದಕ್ಕಾ?"

ದರಿದ್ರದ ವೆಲ್ಡಿಂಗ್ ಅಂಗಡಿ ಆ ಗಳಿಗೆಯಲ್ಲೇ ಸದ್ದು ನಿಲ್ಲಿಸಿತು. ಗುಮಾಸ್ತ ಅಕ್ಕನ ಕಡೆ ನೋಡಿದ. ಒಂದೇ ಒಂದು ಸಣ್ಣ ಸುಳ್ಳು, ಯಾರಿಗೂ ನಷ್ಟವಿಲ್ಲದ್ದು, ಎಂದು ಕಣ್ಣಲ್ಲೇ ಕೈ ಮುಗಿದ.

"ನಾನು ಹೇಳಿದ್ದಕ್ಕೇ ಕಣಮ್ಮ," ಎಂದರು ಅಕ್ಕ. "ಬೈದೆ ಕೂಡ. ಇವನಿಗೆ ತಾನಾಗೇ ಹೊಳೆಯೋವರೆಗೂ ಕಾಯ್ತೀನಿ ಅಂದ್ರೆ ನಾಳೆ ಮೊದಲನೇ ಬಸ್ಸಿಗೇ ಹೋಗ್ಬಿಡು. ಹೇಳಿದ್ರೆ ಕೇಳೋ ಗಂಡ ಸಾಕು ಅಂದ್ರೆ ಆ ಚೀಲ ಇಳಿಸು, ನಂಗೂ ನಿಂತು ನಿಂತು ಕಾಲು ನೋಯ್ತಿದೆ."