ವುಲ್ಲೆ ಮನೆಯ ರಾವ್ನಾಳೂ ವಾಲಿದ ಕ್ಯಾಮೆರಾವೂ

ವುಲ್ಲೆ ಎಂದರೆ ಯಾರು ಎಂದು ಕೇಳುವವನು ಬಡಗಣ ತುದಿಯ ನಮ್ಮ ಗಾಲ್ದು ಕಣಿವೆಯಲ್ಲಿ ಹುಟ್ಟಿದವನೇ ಅಲ್ಲ. ಇರುಳಿನ ಆಕಾಶದ ಬಡಗಣ ಬೆಳಕು ನೆಲದಿಂದ ಎಷ್ಟು ಎತ್ತರದಲ್ಲಿ ಕುಣಿಯುತ್ತದೆ ಎಂದು ಅಳೆಯಲು ತೆಂಕಣದ ಪಂಡಿತರು ಮೊದಲ ಸಲ ಬಂದಾಗ, ಅವರ ಪಿತ್ತಳೆ ಯಂತ್ರ, ಗಾಜಿನ ಹಲಗೆ, ಕಬ್ಬಿಣದ ಒಲೆಗಳನ್ನು ಹಿಮಸಾರಂಗ ಎಳೆಯುವ ಜಾರುಬಂಡಿಗಳ ಮೇಲೆ ರಾವ್ಜೆ ಬೆಟ್ಟದ ನೆತ್ತಿಗೆ ಮುಟ್ಟಿಸಿದವನು ಅವನು. ಬಿರುಗಾಳಿ ಎದ್ದಾಗ ಅದೇ ಪಂಡಿತರನ್ನು ಅದೇ ಬಂಡಿಗಳಿಗೆ ಹಿಟ್ಟಿನ ಮೂಟೆಗಳಂತೆ ಬಿಗಿದು ಕೆಳಗಿಳಿಸಿದವನೂ ಅವನೇ. ದಾರಿಯುದ್ದಕ್ಕೂ ಅವರು ಯಂತ್ರ, ಯಂತ್ರ ಎಂದು ಅತ್ತರಂತೆ. ಎಳೆದು ತಂದ ಸಾರಂಗಗಳಿಗೆ ಮೇವು ಸಿಕ್ಕಿತೇ ಎಂದು ಒಬ್ಬನೂ ಕೇಳಲಿಲ್ಲವಂತೆ.

ವುಲ್ಲೆಯ ಮಗ ಯೋವ್ನ. ಎರಡನೇ ಮಹಾಯುದ್ಧದ ಕೊನೆಯಲ್ಲಿ ಜರ್ಮನರು ಊರೂರು ಸುಡುತ್ತ ಹೋಗುವಾಗ, ಮುಂದಾಳು ಸಾರಂಗವನ್ನು ದೋಣಿಯ ಹಿಂದಕ್ಕೆ ಕಟ್ಟಿ, ಇಡೀ ಮಂದೆಯನ್ನು ಕಡಲಿನ ತೋಳಿನಲ್ಲಿ ಈಜಿಸಿ ಆಚೆ ದಡ ಕಾಣಿಸಿದ ಗಂಡಸು. ಯೋವ್ನನ ಹೆಂಡತಿ ಮಾರೆತ್ ವಲಸೆಯ ದಾರಿಯಲ್ಲಿ ಹೆತ್ತು, ಕೂಸನ್ನು ತೊಗಲಿನ ತೊಟ್ಟಿಲಿಗೆ ಸುತ್ತಿ, ಬಿಡಾರಕ್ಕೆ ಗಂಡನಿಗಿಂತ ಮುಂಚೆ ಬಂದು ಕಾಫಿ ಕುದಿಸಿಟ್ಟ ಹೆಂಗಸು. ಆ ಕೂಸೇ ರಾವ್ನಾ. ನಮ್ಮಲ್ಲಿ ಹೆಸರನ್ನು ಅಜ್ಜನಿಂದ ಎತ್ತಿಕೊಂಡು ಬರುತ್ತಾರೆ: ವುಲ್ಲೆ-ಯೋವ್ನ-ರಾವ್ನಾ. ಅವಳು ಅದರಲ್ಲಿ ಒಂದಕ್ಷರವನ್ನೂ ಯಾರಿಗೂ ಬಿಟ್ಟುಕೊಟ್ಟವಳಲ್ಲ.

ಅರವತ್ತು ದಾಟಿದ ಮೇಲೂ ಮಂದೆಯನ್ನು ತಾನೇ ನಡೆಸುತ್ತಿದ್ದಳು. ಮೆಚ್ಚಿದ್ದನ್ನು ಒಂದು ಬೆರಳಲ್ಲಿ ಎಣಿಸಬಹುದಿತ್ತು, ಅದು ಅವಳ ಮಂದೆ. ಉಳಿದದ್ದೆಲ್ಲ ಅವಳ ಲೆಕ್ಕದಲ್ಲಿ ಕಸ. ಬಾಡಿಗೆಯ ದಪ್ಪ ಅಂಗಿ ತೊಟ್ಟು ಬಂದು, ಬಡಗಣ ಬೆಳಕನ್ನು ನೋಡುತ್ತ ಬಾಯಿಗೆ ಹಿಮ ಬಿದ್ದರೂ ಮುಚ್ಚದ ಪ್ರವಾಸಿಗಳು ಕಸ. ಕಣಿವೆಯ ತಳದಲ್ಲಿ ಮನೆಯಗಲದ ಬಾಂಡಲೆಯನ್ನು ಆಕಾಶಕ್ಕೆ ತಿರುಗಿಸಿ ಕೂತ ರೇಡಾರಿನವರು ಇನ್ನೊಂದು ಬಗೆಯ ಕಸ. ಆ ಬಾಂಡಲೆ ಮೇಲಕ್ಕೆ ಒಂದು ಕೂಗು ಹಾಕಿ ಅದರ ಮಾರ್ದನಿಗೆ ಕಿವಿಗೊಡುತ್ತದೆ. ಬೆಟ್ಟದ ಹೆಗಲ ಮೇಲೆ ಗೂಟಕ್ಕೆ ಕೂರಿಸಿದ ಗಾಜಿನ ಗುಮ್ಮಟದ ಕ್ಯಾಮೆರಾ, ಕೂಗು ತಾಗಿದ ಜಾಗದಲ್ಲಿ ಯಾವ ಬೆಳಕಿತ್ತು ಎಂದು ಚಿತ್ರ ಹಿಡಿಯುತ್ತದೆ. "ಒಂದು ಕಿವಿ, ಒಂದು ಕಣ್ಣು. ಮಿದುಳು ಮಾತ್ರ ಇನ್ನೂ ಹಡಗಲ್ಲಿ ಬರ್ತಾ ಇದೆ," ಎನ್ನುತ್ತಿದ್ದಳು ರಾವ್ನಾ.

ಕಸದಲ್ಲೆಲ್ಲ ಕಡೆಗಸ ಅವಳ ತಮ್ಮ ಮಿಕ್ಕಲ್. ತನ್ನ ಪಾಲಿನ ಸಾರಂಗಗಳನ್ನೆಲ್ಲ ಮಾರಿ, ರೇಡಾರಿನವರ ಸಂಬಳಕ್ಕೆ ಸೇರಿದ್ದ. ದಿನಾ ಬೆಟ್ಟ ಹತ್ತಿ ಗುಮ್ಮಟದ ಮೇಲಿನ ಹಿಮ ಗುಡಿಸಿ ಗಾಜು ಒರೆಸುವುದು ಅವನ ಕೆಲಸ. ಅಪ್ಪ ಯೋವ್ನನ ನಾಲ್ಕು ಮೂಲೆಯ ಟೋಪಿಯನ್ನು ಮಾತ್ರ ತಲೆಯಿಂದ ಇಳಿಸಿರಲಿಲ್ಲ.

"ಗಾಜು ಒರೆಸೋನಿಗೆ ಆ ಟೋಪಿ ಯಾಕೋ? ಒರೆಸೋ ಬಟ್ಟೇನೇ ಸುತ್ಕೊ," ಎಂದು ಅಂಗಡಿಯ ಮುಂದೆ, ನಾಲ್ಕು ಜನರ ಎದುರಿಗೇ ಅಂದಿದ್ದಳು. ಮಿಕ್ಕಲ್ ಟೋಪಿಯನ್ನು ಇನ್ನೂ ಕೆಳಕ್ಕೆಳೆದುಕೊಂಡು ಬೆಟ್ಟದ ಕಡೆ ಹೊರಟಿದ್ದ. ಅವತ್ತಿನಿಂದ ಅವಳು ಅವನನ್ನು ತಮ್ಮ ಎಂದು ಕರೆದಿರಲಿಲ್ಲ.

ಹಗಲಲ್ಲೂ ಸೂರ್ಯ ಕಾಣದ ಆ ಚಳಿಗಾಲ, ಕ್ಯಾಮೆರಾದ ಗೂಟ ವಾಲತೊಡಗಿತು. ನೆಟ್ಟಗೆ ನಿಲ್ಲಿಸಿದರೆ ಮತ್ತೆ ವಾಲುತ್ತಿತ್ತು. ಹಗ್ಗ ಕಟ್ಟಿ ಬಿಗಿದರೆ ಹಗ್ಗವೇ ಹರಿದಿರುತ್ತಿತ್ತು. ಸುತ್ತ ಹಿಮದ ತುಂಬ ಸಾರಂಗದ ಗೊರಸು. ರಾವ್ನಾಳ ಮಂದೆಯದೇ ಕೆಲವು ಹೆಣ್ಣುಗಳು ದಿನಾ ಅಲ್ಲಿಗೆ ಹೋಗಿ ಗೂಟಕ್ಕೆ ಕೊಂಬು ಉಜ್ಜುತ್ತಿದ್ದವು. ಕಣ್ಣು ಒಂದು ಕಡೆ, ಕಿವಿ ಒಂದು ಕಡೆ ಆಗಿ, ರೇಡಾರಿನವರ ಚಳಿಗಾಲದ ದುಡಿಮೆಯೆಲ್ಲ ನೀರುಪಾಲಾಯಿತು. ಬೆಟ್ಟದ ಹೆಗಲಿಗೆ ಅಡ್ಡಲಾಗಿ ಬೇಲಿ ಹಾಕುವುದೆಂದು ನಿಶ್ಚಯಿಸಿದರು, ಬಂಡೆಯಿಂದ ಹೊಳೆಯವರೆಗೆ.

ಆ ಹೆಗಲೇ ಮಂದೆಯ ದಾರಿ. ಹಿಮ ಕರಗುವ ಮುಂಚೆ ಗಬ್ಬದ ಸಾರಂಗಗಳು ಅದರ ಮೇಲೆ ಹಾದು ಆಚೆ ಬಯಲಿನಲ್ಲಿ ಮರಿ ಹಾಕುತ್ತವೆ. ತಾಯಿ ನಡೆದ ದಾರಿ ಬಿಟ್ಟು ಇನ್ನೊಂದು ದಾರಿ ಅವಕ್ಕೆ ಗೊತ್ತಿಲ್ಲ. ಬೇಲಿ ಅಡ್ಡ ಬಂದರೆ ಬೇಲಿಯ ಬುಡದಲ್ಲೇ ನಿಂತು ಹಿಮದಲ್ಲೇ ಮರಿ ಉದುರಿಸುತ್ತವೆ. ವರ್ಷದ ಮರಿಗಳೆಲ್ಲ ಹದ್ದಿನ ಪಾಲು.

ರೇಡಾರಿನ ಕಾಫಿ ಕೋಣೆಗೆ ರಾವ್ನಾ ಬೂಟಿನ ಹಿಮ ಕೊಡವದೆಯೇ ನುಗ್ಗಿದಳು. ಮೇಲಧಿಕಾರಿ ಹಾಲ್ವೋರ್ ಎದ್ದು ಕುರ್ಚಿ ಎಳೆದುಕೊಟ್ಟ. ಮೃದು ಮನುಷ್ಯ. ಮೃದುವಾದವರನ್ನು ಕಂಡರೆ ಅವಳಿಗೆ ಇನ್ನೂ ಅಸಡ್ಡೆ. ಮೂಲೆಯಲ್ಲಿ ಮಿಕ್ಕಲ್ ಕಾಫಿ ಬಟ್ಟಲು ಹಿಡಿದು ಕೂತಿದ್ದ. ಅವನನ್ನು ಕಂಬದಂತೆ ಕಂಡು ಮುಂದೆ ಹೋದಳು.

"ಮೊದಲು ವಾಫಲ್ ತಿನ್ನಿ, ಬಿಸಿ ಇದೆ," ಎಂದ ಹಾಲ್ವೋರ್, ಮೆತ್ತನೆಯ ಸಿಹಿದೋಸೆಯ ತಟ್ಟೆಯನ್ನೂ ಕಾಫಿಯನ್ನೂ ಅವಳ ಮುಂದೆ ಸರಿಸಿ.

ರಾವ್ನಾ ಸೊಂಟದ ಚಾಕು ಎಳೆದು, ಅಂಗಿಯೊಳಗಿಂದ ಒಣಮಾಂಸ ತೆಗೆದು, ಅವನು ಕೊಟ್ಟ ಕಾಫಿಗೆ, ನಮ್ಮವರ ಪದ್ಧತಿಯಂತೆ, ತನ್ನ ಮಾಂಸ ಹೆರೆದು ಹಾಕಿಕೊಂಡಳು. "ಹಲ್ಲಿಲ್ಲದೋರಿಗೆ ಇಟ್ಕೋ ಅದನ್ನ. ಬೇಲಿ ಮಾತಾಡು."

"ನಮಗೂ ಇಷ್ಟ ಇಲ್ಲ. ಮಂದೇನ ಲಾರಿ ಮೇಲೆ ಸುತ್ತುದಾರೀಲಿ ಸಾಗಿಸಿಕೊಡ್ತೀವಿ. ಬೇಕಾದ್ರೆ ಹೆಲಿಕಾಪ್ಟರ್ರೂ..."

"ಹೆಲಿಕಾಪ್ಟರ್! ತುಂಬುಬಸುರಿ ಕಿವಿ ಹತ್ರ ತಗಡು ಬಡೀತೀನಿ ಅಂತೀಯಲ್ಲೋ. ನಿನ್ನ ಹೆತ್ತೋಳಿಗೆ ಹಂಗೆ ಮಾಡಿದ್ರಾ? ಅದಕ್ಕೇ ನೀನು ಹಿಂಗಿದೀಯ."

ಪಕ್ಕದಲ್ಲಿದ್ದವರು ಬಟ್ಟಲಿನೊಳಗೆ ನಕ್ಕರು. ಹಾಲ್ವೋರನ ಕಿವಿ ಕೆಂಪಾಯಿತು. "ಹಾಗಾದ್ರೆ ಅವು ಯಾಕೆ ಬರ್ತವೆ, ನೀವೇ ಹೇಳಿ. ಅಲ್ಲಿ ಹುಲ್ಲಿಲ್ಲ, ಪಾಚಿಯಿಲ್ಲ."

"ಉಚ್ಚೆ ಇದೆ," ಎಂದಳು ರಾವ್ನಾ. "ಸಾರಂಗಕ್ಕೆ ಮನುಷ್ಯನ ಉಚ್ಚೆ ಅಂದ್ರೆ ಪ್ರಾಣ. ಉಪ್ಪಿನ ಚಪಲ. ಹಳದಿ ಹಿಮ ಎಲ್ಲಿದ್ಯೋ ಅಲ್ಲಿ ನೆಕ್ತಾ ನಿಲ್ತವೆ, ಸಿಕ್ಕಿದ ಗೂಟಕ್ಕೆ ಉಜ್ಕೋತವೆ. ನಿಮ್ಮೋರು ಯಾರೋ ಅಲ್ಲಿ ಹೊಯ್ದಿದಾರೆ. ಓದಿದೋರು! ಆಕಾಶದ ಮೂಲೆ ಮೂಲೆ ಗೊತ್ತು, ಎಲ್ಲಿ ನಿಂತು ಹೊಯ್ಯಬೇಕು ಅಂತ ಗೊತ್ತಿಲ್ಲ. ವುಲ್ಲೆ ಮನೇಲಿ ಹುಟ್ಟಿದ ಹಸುಗೂಸೂ ಆ ತಪ್ಪು ಮಾಡಲ್ಲ."

"ಓದಿದ ನಮ್ಮೋರು ಚಳಿಗಾಲದಲ್ಲಿ ಮೇಲೆ ಹೋಗೋದೇ ಇಲ್ಲ, ಗಾಜು ಒರೆಸೋಕೆ ಮಾತ್ರ..."

"ಸುಳ್ಳು ಬೊಗಳಬೇಡ. ಚಿತ್ರ ಹಿಡೀತೀರಲ್ಲ? ತೋರ್ಸು."

ಹಾಲ್ವೋರ್ ಪರದೆ ತಿರುಗಿಸಿದ. ಇಡೀ ಆಕಾಶ ಒಂದು ದುಂಡು ತಟ್ಟೆಯಾಗಿ ಬಂತು. ನಡುವೆ ಹಸಿರು ಬೆಳಕು ಹೊಳೆಯಂತೆ ಹರಿದು, ಸುರುಳಿ ಬಿಚ್ಚಿ, ಮತ್ತೆ ಸುತ್ತಿಕೊಳ್ಳುತ್ತಿತ್ತು. ರಾವ್ನಾಳ ಕಣ್ಣು ಅದರ ಮೇಲೆ ನಿಲ್ಲಲೇ ಇಲ್ಲ, ತಟ್ಟೆಯ ಅಂಚನ್ನು ತಡಕಿತು. ಅಂಚಿನಲ್ಲಿ ಗೂಟದ ಬಳಿಯ ಕಾವಲು ಗುಡಿಸಲಿನ ಸೂರು, ಅದರ ಪಕ್ಕ ಕಾಲಗಲಿಸಿ, ಬೆನ್ನು ತಿರುಗಿಸಿ ನಿಂತ ಒಬ್ಬ ಮನುಷ್ಯ. ಮುಂದಿನ ದಿನದ ಚಿತ್ರದಲ್ಲೂ ಅವನೇ, ಅದೇ ಜಾಗ. ಅದರ ಮುಂದಿನದರಲ್ಲೂ. ತಲೆಯ ಮೇಲೆ ಟೋಪಿ. ಟೋಪಿಗೆ ನಾಲ್ಕು ಮೂಲೆ.

ಮಿಕ್ಕಲ್ ಬಟ್ಟಲು ಕೆಳಗಿಟ್ಟು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

ರಾವ್ನಾಳ ಬಾಯಿ ತೆರೆದಿತ್ತು. ಪ್ರವಾಸಿಗಳ ಬಾಯಿಯ ಹಾಗೆಯೇ. ಅದನ್ನು ಮುಚ್ಚಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು.

"ನಿಂಗೆ ಗೊತ್ತಿರ್ಲಿಲ್ವಾ?" ಎಂದಳು ಕಡೆಗೆ, ಗೋಡೆಗೆ ಹೇಳುವಂತೆ.

"ಗೊತ್ತಿತ್ತು ಅಕ್ಕಾ," ಎಂದ ಮಿಕ್ಕಲ್. "ಗೊತ್ತಿದ್ದೇ ಮಾಡ್ದೆ. ಬಿಡಾರದ ಹತ್ರ ಬಂಡಿ ಸಾರಂಗ ನಿಲ್ಲಲಿ ಅಂತ ಅಪ್ಪ ಮಾಡ್ತಿದ್ನಲ್ಲ, ಹಂಗೆ. ಇಡೀ ದಿನ ಅಲ್ಲಿ ಒಬ್ನೇ ಇರ್ತೀನಿ. ಬರ್ಲಿ ಅಂತ. ಆ ಬೋಳುಮೂತಿಯ ಬಿಳೀದು, ಮೊದಲು ನನ್ನದೇ ಅಲ್ವಾ, ಅದು ಕೈಗೇ ಬರುತ್ತೆ."

"ಮಾರಿ ತಿಂದೋನಿಗೆ ಮೂಸೋ ಆಸೆ," ಎಂದಳು. ಆದರೆ ಬೈಗುಳಕ್ಕೆ ಎಂದಿನ ಮೊನೆ ಇರಲಿಲ್ಲ. ಆ ಬೋಳುಮೂತಿಯ ಬಿಳಿಯದನ್ನು, ಅವನು ಮಾರಿದ ದಿನ, ಸಂತೆಯಲ್ಲಿ ಯಾರಿಗೂ ಬಿಡದೆ ಕೊಂಡುಕೊಂಡವಳು ಅವಳೇ.

ಹಾಲ್ವೋರ್ ಪರದೆ ಆರಿಸಿದ. ಬೇರೆಯವನಾಗಿದ್ದರೆ ಆಗ ಅವಳ ಮುಖಕ್ಕೆ ನಕ್ಕು ಸೇಡು ತೀರಿಸಿಕೊಳ್ಳುತ್ತಿದ್ದ. ಅವನಿಗೆ ಅದೂ ಬರಲಿಲ್ಲ. "ಕಾರಣ ಸಿಕ್ತಲ್ಲ, ಸಾಕು. ಮಿಕ್ಕಲ್ ಇನ್ನು ಅಲ್ಲಿ... ಬೇರೆ ಕಡೆ ಹೋದ್ರೆ ಆಯ್ತು."

"ಏನಾಯ್ತು? ಚಳಿಗಾಲದ್ದೆಲ್ಲ ಅಲ್ಲೇ ಕಲ್ಲಾಗಿ ಕೂತಿದೆ. ಅದಿರೋ ತನಕ ಬರ್ತವೆ."

"ಆ ಮಂಜುಗಡ್ಡೆ ತೆಗೆದು ಸಾಗಿಸಿ, ಕ್ಯಾಮೆರಾ ವಾಲದೆ ನಿಂತ್ರೆ ಬೇಲಿ ಮಾತು ಇಲ್ಲಿಗೆ ಮುಗೀತು. ನನ್ನ ಮಾತು ಇದು. ನೀವು ತೊಂದರೆ ತಗೋಬೇಡಿ. ನಾಳೆ ನಾಲ್ಕು ಆಳು, ಹಾರೆ, ಹಿಮದ ಸ್ಕೂಟರು ಎಲ್ಲ ಕಳಿಸ್ತೀನಿ. ಅರ್ಧ ದಿನದ ಕೆಲಸ."

ರಾವ್ನಾ ಚಾಕು ಒರೆಸಿ ಸೊಂಟಕ್ಕೆ ಸಿಕ್ಕಿಸಿದಳು. ಬಾಗಿಲ ಪಕ್ಕ ಒರಗಿಸಿದ್ದ ರೇಡಾರಿನವರ ಸಲಿಕೆಯನ್ನು ಕಾಲಿನಿಂದ ಅತ್ತ ತಳ್ಳಿದಳು. ಮೂಲೆಗೆ ಹೋಗಿ, ಮಿಕ್ಕಲನ ತೊಡೆಯ ಮೇಲಿದ್ದ ಟೋಪಿ ಎತ್ತಿ ಅವನ ತಲೆಗೆ ಒತ್ತಿದಳು. ಆಮೇಲೆ ಹಾಲ್ವೋರನ ಕಡೆ ತಿರುಗಿದಳು.

"ನಿನ್ನ ಆಳು ಒಬ್ಬನೂ ಆ ಕಡೆ ಸುಳೀಬಾರ್ದು. ನಿನ್ನ ಹಾರೆ ಬೇಡ, ನಿನ್ನ ಸ್ಕೂಟರು ಬೇಡ. ಏಳೋ ತಮ್ಮಾ, ಮನೇಲಿ ಅಜ್ಜನ ಕೊಡ್ಲಿ ಇದೆ. ಅದು ವುಲ್ಲೆ ಮನೆ ಉಚ್ಚೆ. ವುಲ್ಲೆ ಮನೆಯೋರೇ ಕಡಿದು ಹೊರ್ತೀವಿ."